ಎಲಿಜಬೆತ್ ಕಾಲದ ಪದ್ಯನಾಟಕಗಳ ಭಾಷೆಯನ್ನು ಸವಿಯುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕ್ರಿಸ್ಟೋಫರ್ ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ ಓದುತ್ತಿದ್ದೇನೆ. ಕಥೆ ಕಷ್ಟವಿಲ್ಲ. ಒಬ್ಬ ವಿದ್ವಾಂಸ 24 ವರ್ಷದ ಸುಖ, ಅಧಿಕಾರಕ್ಕಾಗಿ ತನ್ನ ಆತ್ಮವನ್ನು ಸೈತಾನನಿಗೆ ಬರೆದುಕೊಡುತ್ತಾನೆ. ನನ್ನ ತೊಂದರೆ ಇರುವುದು ಭಾಷೆಯಲ್ಲಿ. ಪುಟದ ಅರ್ಧ ಭಾಗ ಅಡಿಟಿಪ್ಪಣಿಯೇ ಇದೆ. ಕೆಳಗೆ ನೋಡಿ ಮತ್ತೆ ಮೇಲೆ ಬರುವಷ್ಟರಲ್ಲಿ ಸಾಲಿನ ಬಿಸಿ ಆರಿಹೋಗಿರುತ್ತದೆ. ಆದರೂ ಎಲ್ಲೋ ಒಂದೊಂದು ಸಾಲು ಮೈ ಜುಮ್ಮೆನಿಸುತ್ತದೆ. ಯಾಕೆ ಹಾಗಾಯಿತು ಅಂತ ಹೇಳಲು ಬರುವುದಿಲ್ಲ.

ಕನ್ನಡದಲ್ಲಿ ಓದಿ ಬೆಳೆದವರು ಈ ಭಾಷೆಯ ಒಳಗೆ ಹೋಗುವ ದಾರಿ ಯಾವುದು? ಕಥೆಯ ಸಾರಾಂಶ ಬೇಡ, ಸಿಗುತ್ತದೆ. ಮಾತಿನ ಬಗ್ಗೆ, ಪದಗಳ ಬಗ್ಗೆ ಹೇಳಿ.

ರಂಗದಮಾತು

ಮೊದಲ ಓದಿನಲ್ಲಿ ಅಡಿಟಿಪ್ಪಣಿ ಮುಚ್ಚಿಬಿಡಿ. ಗಟ್ಟಿಯಾಗಿ ಓದಿ. ಬಾಗಿಲು ಹಾಕಿಕೊಂಡಾದರೂ ಸರಿ, ಗಟ್ಟಿಯಾಗಿಯೇ ಓದಿ.

ಇದಕ್ಕೆ ಕಾರಣ ಇದೆ. ಈ ನಾಟಕಗಳು ಬರೆದದ್ದು ಕಿವಿಗೆ. ಜೇಮ್ಸ್ ಬರ್ಬೇಜ್ ಲಂಡನ್ನಿನ ಹೊರಗೆ ಶೋರ್‌ಡಿಚ್‌ನಲ್ಲಿ ‘ದಿ ಥಿಯೇಟರ್’ ಕಟ್ಟಿಸಿದ್ದು 1576ರಲ್ಲಿ. ಅಂಥ ರಂಗಮಂದಿರಗಳಲ್ಲಿ ಒಂದು ಪೆನ್ನಿ ಕೊಟ್ಟರೆ ಅಂಗಳದಲ್ಲಿ ನಿಂತು ನೋಡಬಹುದಿತ್ತು. ಮೇಲೆ ಸೂರಿಲ್ಲ. ಆಟ ನಡೆಯುತ್ತಿದ್ದುದು ಹಗಲಿನಲ್ಲಿ. ದೀಪದ ಆಟ ಇಲ್ಲ, ನಮ್ಮ ಕಂಪನಿ ನಾಟಕಗಳ ಹಾಗೆ ಬಣ್ಣದ ಪರದೆಗಳ ಸಾಲೂ ಇಲ್ಲ. ರಾತ್ರಿ ಆಗಬೇಕೆಂದರೆ ಮಾತಿನಲ್ಲೇ ಆಗಬೇಕು. ‘ಹ್ಯಾಮ್ಲೆಟ್’ ಶುರುವಾಗುವುದು ‘ಯಾರಲ್ಲಿ?’ ಎಂಬ ಕೂಗಿನಿಂದ. ಹನ್ನೆರಡು ಹೊಡೆಯಿತು, ಹೋಗಿ ಮಲಗು ಎನ್ನುತ್ತಾನೆ ಒಬ್ಬ ಕಾವಲುಗಾರ. ಕೊರೆಯುವ ಚಳಿ, ಎದೆಯೊಳಗೆ ಏನೋ ಸಂಕಟ ಎನ್ನುತ್ತಾನೆ ಇನ್ನೊಬ್ಬ. ಹಗಲು ಬೆಳಕಿನಲ್ಲಿ ನಿಂತಿದ್ದ ಸಾವಿರಾರು ಜನಕ್ಕೆ ಅಷ್ಟರಲ್ಲೇ ನಡುರಾತ್ರಿ ಆಗಿಬಿಡುತ್ತಿತ್ತು.

ಇನ್ನೊಂದು ವಿಷಯ. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಕೊಡುವ ಮೊದಲ ನಿಘಂಟು, ರಾಬರ್ಟ್ ಕಾಡ್ರಿಯದ್ದು, ಬಂದದ್ದು 1604ರಲ್ಲಿ. ಅದರಲ್ಲಿ ಇದ್ದದ್ದು ಸುಮಾರು 2,500 ಪದ. ಅಷ್ಟರಲ್ಲಿ ಮಾರ್ಲೋ ತೀರಿಕೊಂಡು 11 ವರ್ಷ ಆಗಿತ್ತು. ಅಂಗಳದಲ್ಲಿ ನಿಂತು ಕೇಳಿದ ಜನಕ್ಕೂ ಎಲ್ಲ ಪದ ಗೊತ್ತಿರಲಿಲ್ಲ. ಸನ್ನಿವೇಶದಿಂದ, ಧ್ವನಿಯಿಂದ ಹಿಡಿದುಕೊಳ್ಳುತ್ತಿದ್ದರು. ನಾವೂ ಹಾಗೇ ಕೇಳಬಹುದು.

ಇಂಗ್ಲಿಷ್‌ಪಾಠ

ಗಟ್ಟಿಯಾಗಿ ಓದಿ ಎಂಬ ಮಾತು ಒಪ್ಪುತ್ತೇನೆ. ಅಡಿಟಿಪ್ಪಣಿ ಮುಚ್ಚಿ ಎಂಬುದನ್ನು ಒಪ್ಪುವುದಿಲ್ಲ.

ಗೊತ್ತಿಲ್ಲದ ಪದ ನಮ್ಮನ್ನು ಮೋಸ ಮಾಡುವುದಿಲ್ಲ. ಗೊತ್ತಿಲ್ಲ ಅಂತ ನಮಗೆ ಗೊತ್ತಿರುತ್ತದೆ, ಹುಡುಕುತ್ತೇವೆ. ಮೋಸ ಮಾಡುವುದು ಗೊತ್ತಿರುವ ಪದ. ‘ಪ್ರೆಸೆಂಟ್ಲಿ’ ಅಂದರೆ ಆಗ ‘ಈಗಿಂದೀಗಲೇ’. ‘ವೇರ್‌ಫೋರ್’ ಅಂದರೆ ‘ಏಕೆ’. ಜೂಲಿಯೆಟ್ ಮೇಲಿನಿಂದ ರೋಮಿಯೋ ಎಲ್ಲಿದ್ದೀಯ ಅಂತ ಹುಡುಕುತ್ತಿಲ್ಲ. ನೀನು ಯಾಕಾದರೂ ರೋಮಿಯೋ ಆದೆ, ನನ್ನ ಮನೆತನದ ವೈರಿಯ ಹೆಸರು ನಿನಗೇ ಯಾಕೆ ಬಂತು ಎಂದು ಸಂಕಟ ಪಡುತ್ತಿದ್ದಾಳೆ. ‘ಲೆಟ್’ ಪದಕ್ಕೆ ‘ಬಿಡು’ ಎಂಬ ಅರ್ಥದ ಜೊತೆಗೆ ‘ತಡೆ’ ಎಂಬ ನೇರ ಉಲ್ಟಾ ಅರ್ಥವೂ ಇತ್ತು. ನನ್ನನ್ನು ‘ಲೆಟ್’ ಮಾಡಿದವನನ್ನು ದೆವ್ವ ಮಾಡಿಬಿಡುತ್ತೇನೆ ಎನ್ನುತ್ತಾನೆ ಹ್ಯಾಮ್ಲೆಟ್. ಈ ಹಳೆ ಅರ್ಥ ನಮ್ಮ ಮನೆಯಲ್ಲೇ ಇದೆ. ಭಾರತದ ಪಾಸ್‌ಪೋರ್ಟ್ ತೆಗೆದು ಮೊದಲಿನ ಒಕ್ಕಣೆ ನೋಡಿ. ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಅಂತ ಇರುತ್ತದೆ.

ಒಂದು ಪದದಲ್ಲಿ ಮಾತ್ರ ನಮಗೆ ಅನುಕೂಲ ಜಾಸ್ತಿ. ತಂದೆಯ ಭೂತ ಕಾಣಿಸಿದ ಸುದ್ದಿ ಕೇಳಿ ಹ್ಯಾಮ್ಲೆಟ್ ‘ಐ ಡೌಟ್ ಸಮ್ ಫೌಲ್ ಪ್ಲೇ’ ಎನ್ನುತ್ತಾನೆ. ಇವತ್ತಿನ ಇಂಗ್ಲಿಷಿನವರು ಇದನ್ನು ‘ಮೋಸ ಇರಲಾರದು’ ಎಂದು ತಿಳಿಯಬಹುದು. ‘ನಂಗೇನೋ ಡೌಟು’ ಅನ್ನುವ ನಮಗೆ ಅಡಿಟಿಪ್ಪಣಿಯೇ ಬೇಡ.

ಓದುಮನೆ

ಛಂದಸ್ಸಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅದಿಲ್ಲದೆ ಈ ಮಾತು ಪೂರ್ತಿ ಆಗುವುದಿಲ್ಲ.

ಸಾಲಿಗೆ ಹತ್ತು ಉಚ್ಚಾರ. ಒಂದು ತಗ್ಗು, ಒಂದು ಏರು. ಹೀಗೆ ಐದು ಜೋಡಿ. ಕೊನೆಯಲ್ಲಿ ಪ್ರಾಸ ಇಲ್ಲ. ‘ವಾಸ್ ದಿಸ್ ದ ಫೇಸ್ ದಟ್ ಲಾಂಚ್ಡ್ ಎ ಥೌಸಂಡ್ ಶಿಪ್ಸ್.’ ಟ್ರಾಯ್ ಯುದ್ಧಕ್ಕೆ ಕಾರಣಳಾದ ಚೆಲುವೆ ಹೆಲೆನ್‌ಳನ್ನು ಕಂಡಾಗ ಫಾಸ್ಟಸ್ ಹೇಳುವ ಸಾಲು ಇದು. ಮೇಜು ತಟ್ಟುತ್ತಾ ಓದಿ, ‘ದಿಸ್’, ‘ಫೇಸ್’, ‘ಲಾಂಚ್ಡ್’, ‘ಥೌ’, ‘ಶಿಪ್ಸ್’ ಮೇಲೆ ಪೆಟ್ಟು ಬೀಳುತ್ತದೆ. ನಮ್ಮ ಛಂದಸ್ಸು ಲಘು ಗುರು ಎಣಿಸಿ ಮಾತ್ರೆ ಲೆಕ್ಕ ಹಾಕುತ್ತದೆ. ಇಲ್ಲಿ ಒತ್ತಿನದೇ ಆಟ. ಇದಕ್ಕೆ ಬ್ಲಾಂಕ್ ವರ್ಸ್ ಎನ್ನುತ್ತಾರೆ. ಸರ್ರೆಯ ಅರ್ಲ್ ಹೆನ್ರಿ ಹಾವರ್ಡ್ ಇದನ್ನು ಲ್ಯಾಟಿನ್ ಕವಿ ವರ್ಜಿಲ್‌ನ ಕಾವ್ಯವನ್ನು ಇಂಗ್ಲಿಷಿಗೆ ತರಲು ಬಳಸಿದ. ನಾಟಕಕ್ಕೆ ಮೊದಲು ಬಂದದ್ದು ‘ಗಾರ್ಬಡಕ್’ನಲ್ಲಿ. ಎಲಿಜಬೆತ್ ರಾಣಿಯ ಎದುರು 1562ರ ಜನವರಿಯಲ್ಲಿ ಅದನ್ನು ಆಡಿದರು. ನಿಜ ಹೇಳಬೇಕೆಂದರೆ ‘ಗಾರ್ಬಡಕ್’ ಓದಲು ಸಪ್ಪೆ. ಪ್ರತಿ ಸಾಲೂ ಒಂದೇ ಅಳತೆಗೆ ಕತ್ತರಿಸಿ ಇಟ್ಟ ಹಾಗಿದೆ.

ಅದಕ್ಕೆ ಜೀವ ಬಂದದ್ದು ಮಾರ್ಲೋನ ‘ಟ್ಯಾಂಬರ್ಲೇನ್’ನಿಂದ, ಸುಮಾರು 1587ರಲ್ಲಿ. ಪ್ರಾಸ ಹೊಸೆಯುವವರ ಕುಣಿತ ಸಾಕು, ಬನ್ನಿ, ಯುದ್ಧದ ಡೇರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಮುನ್ನುಡಿಯಲ್ಲೇ ಸಾರುತ್ತಾನೆ. ನಾಟಕದಲ್ಲಿ ಕುರಿ ಕಾಯುತ್ತಿದ್ದ ಟ್ಯಾಂಬರ್ಲೇನ್, ಅಂದರೆ ತೈಮೂರ್, ಒಂದು ಸಾಲು ಕೇಳಿ ರಾಜನಾಗಲು ಹೊರಡುತ್ತಾನೆ. ‘ಆ್ಯಂಡ್ ರೈಡ್ ಇನ್ ಟ್ರಯಂಫ್ ಥ್ರೂ ಪರ್ಸೆಪೊಲಿಸ್.’ ಬೇರೆಯವನು ಆಡಿದ ಈ ಸಾಲನ್ನು ಟ್ಯಾಂಬರ್ಲೇನ್ ಬಾಯಲ್ಲಿ ಮತ್ತೆ ಮತ್ತೆ ಹೊರಳಿಸುತ್ತಾನೆ. ಆ ಊರಿನ ಹೆಸರಿನ ನಾದವೇ ಅವನನ್ನು ಎಳೆಯುತ್ತದೆ. ಪದದ ಸದ್ದಿಗೆ ಮರುಳಾಗಿ ಒಬ್ಬ ರಾಜ್ಯ ಗೆಲ್ಲಲು ಹೋಗುವುದು ಅಂದರೆ! ನನಗೆ ಇಡೀ ನಾಟಕದಲ್ಲಿ ಅತಿ ಇಷ್ಟವಾದ ಜಾಗ ಇದೇ.

ಕನ್ನಡದವರಿಗೆ ಈ ನಡಿಗೆ ಪೂರ್ತಿ ಹೊಸದಲ್ಲ. ಬಿ.ಎಂ.ಶ್ರೀ ಮತ್ತು ಕುವೆಂಪು ಅವರ ಸರಳ ರಗಳೆ ಗೊತ್ತಲ್ಲ? ಲಲಿತ ರಗಳೆಯ ಐದು ಮಾತ್ರೆಯ ಗಣಗಳನ್ನು ಇಟ್ಟುಕೊಂಡು, ಪ್ರಾಸ ಬಿಟ್ಟು, ಮಾತು ಸಾಲಿನಿಂದ ಸಾಲಿಗೆ ಹರಿಯಲು ಬಿಟ್ಟದ್ದು. ಅದನ್ನು ಗಟ್ಟಿಯಾಗಿ ಓದಿ ಅಭ್ಯಾಸ ಇದ್ದವರಿಗೆ ಮಾರ್ಲೋ ಬೇಗ ಕೈಗೆ ಸಿಗುತ್ತಾನೆ.

ಕಾಫಿಕಣಿವೆ

ನನಗೆ ‘ಟ್ಯಾಂಬರ್ಲೇನ್’ ಬರೀ ಗದ್ದಲ ಅನ್ನಿಸಿತು. ಎಲ್ಲರೂ ಕೂಗುತ್ತಲೇ ಇರುತ್ತಾರೆ.

ಓದುಮನೆ

ನಿಮ್ಮಂಥವರು ಆಗಲೂ ಇದ್ದರು, ಅವರಲ್ಲಿ ಶೇಕ್ಸ್‌ಪಿಯರ್‌ನೂ ಒಬ್ಬ ಅನ್ನಬಹುದೇನೋ. ಎರಡನೇ ಭಾಗದಲ್ಲಿ ಟ್ಯಾಂಬರ್ಲೇನ್ ಸೋತ ರಾಜರನ್ನು ತನ್ನ ರಥಕ್ಕೆ ಕಟ್ಟಿ, ಏಷ್ಯಾದ ಕೊಬ್ಬಿದ ಕುದುರೆಗಳೇ, ದಿನಕ್ಕೆ ಇಪ್ಪತ್ತೇ ಮೈಲಿ ಎಳೆಯುತ್ತೀರಾ ಎಂದು ಅಬ್ಬರಿಸುತ್ತಾನೆ. ‘ನಾಲ್ಕನೇ ಹೆನ್ರಿ’ಯ ಎರಡನೇ ಭಾಗದಲ್ಲಿ ಪಿಸ್ಟಲ್ ಎಂಬ ಬಡಾಯಿಗಾರ ಹೆಂಡದಂಗಡಿಯಲ್ಲಿ ಇದೇ ಸಾಲನ್ನು ಉದುರಿಸುತ್ತಾನೆ. ಇಪ್ಪತ್ತು ಹೋಗಿ ಮೂವತ್ತು ಮೈಲಿ ಆಗಿರುತ್ತದೆ! ಸುಮಾರು ಹತ್ತು ವರ್ಷದ ಹಿಂದಿನ ನಾಟಕದ ಸಾಲು ಜನರ ಬಾಯಲ್ಲಿ ಇದ್ದುದಕ್ಕೇ ಈ ನಗು ಹುಟ್ಟುತ್ತದೆ.

ತುಂಗಾತೀರ

ಪಾಸ್‌ಪೋರ್ಟ್ ತೆಗೆದು ನೋಡಿದೆ. ಹೌದು, ಇದೆ!

ಫಾಸ್ಟಸ್‌ನ ಕೊನೆಯ ಮಾತಿನ ಬಗ್ಗೆ ಯಾರಾದರೂ ಹೇಳುತ್ತೀರಾ? ನನಗೆ ಜುಮ್ಮೆಂದದ್ದು ಅಲ್ಲೇ.

ಇರುಳಕುದುರೆ

ಈ ಪ್ರಶ್ನೆಗೇ ಕಾಯುತ್ತಿದ್ದೆ. ಹೆಸರು ನೋಡಿದರೆ ಗೊತ್ತಾಗುತ್ತದೆ, ಅಲ್ವಾ?

ಗಡಿಯಾರ ಹನ್ನೊಂದು ಹೊಡೆಯುತ್ತದೆ. ಹನ್ನೆರಡಕ್ಕೆ ಸೈತಾನ ಬರುತ್ತಾನೆ. ಸುಮಾರು 60 ಸಾಲಿನಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ. ಮೊದಲ ಸಾಲು ನೋಡಿ. ‘ನೌ ಹ್ಯಾಸ್ಟ್ ದೌ ಬಟ್ ಒನ್ ಬೇರ್ ಅವರ್ ಟು ಲಿವ್.’ ಎಲ್ಲ ಪುಟ್ಟ ಪುಟ್ಟ ಪದ. ಮಗುವಿಗೂ ಗೊತ್ತಿರುವ ಪದ. ಗಡಿಯಾರದ ಹೊಡೆತದ ಹಾಗೆ ಒಂದೊಂದೇ ಬೀಳುತ್ತವೆ. ಮುಂದಿನ ಸಾಲೂ ಹಾಗೇ ಸಾಗಿ ‘ಪರ್ಪೆಚುಅಲಿ’ ಎಂಬಲ್ಲಿ ನಿಲ್ಲುತ್ತದೆ. ಬದುಕಲು ಉಳಿದದ್ದಕ್ಕೆ ಚಿಕ್ಕ ಪದಗಳು. ನರಕದಲ್ಲಿ ಬೇಯಬೇಕಾದ ಕಾಲಕ್ಕೆ ಉದ್ದನೆಯ ಒಂದೇ ಪದ.

ಆಮೇಲೆ ಚೌಕಾಸಿ ಶುರು. ಈ ಗಂಟೆ ಒಂದು ವರ್ಷ ಆಗಲಿ, ಒಂದು ತಿಂಗಳು, ಒಂದು ವಾರ, ಒಂದೇ ಒಂದು ದಿನ. ಕೇಳುತ್ತಾ ಕೇಳುತ್ತಾ ತಾನೇ ಕಡಿಮೆ ಮಾಡಿಕೊಳ್ಳುತ್ತಾನೆ. ಒಂದೇ ಸಾಲಿನಲ್ಲಿ ಮನುಷ್ಯ ಹೇಗೆ ಕುಸಿಯುತ್ತಾನೆ ನೋಡಿ.

ಆಗ ಬರುತ್ತದೆ ಲ್ಯಾಟಿನ್. ‘ಓ ಲೆಂಟೆ, ಲೆಂಟೆ ಕುರ್ರಿಟೆ, ನಾಕ್ಟಿಸ್ ಎಕ್ವಿ.’ ಮೆಲ್ಲಗೆ, ಮೆಲ್ಲಗೆ ಓಡಿ, ಇರುಳಿನ ಕುದುರೆಗಳೇ. ಇದು ರೋಮನ್ ಕವಿ ಓವಿಡ್‌ನ ಪ್ರೇಮ ಪದ್ಯದಿಂದ ಬಂದ ಮಾತು. ಅಲ್ಲಿ ನಲ್ಲೆಯ ತೋಳಲ್ಲಿರುವವನು ಬೆಳಗಾಗದಿರಲಿ ಎಂದು ಬೇಡುತ್ತಾನೆ. ಆ ಪದ್ಯಗಳನ್ನು ಮಾರ್ಲೋ ತಾನೇ ಇಂಗ್ಲಿಷಿಗೆ ತಂದಿದ್ದ. ಸುಖದ ರಾತ್ರಿ ಉದ್ದವಾಗಲಿ ಎಂಬ ಮಾತು ಇಲ್ಲಿ ಸಾಯುವವನ ಬಾಯಿಗೆ ಬಂದಿದೆ. ಬದುಕಿಡೀ ಓದಿದ ವಿದ್ವಾಂಸನಿಗೆ ಕೊನೆಗೂ ಪುಸ್ತಕದ ಸಾಲೇ ನೆನಪಾಗುತ್ತದೆ. ಅವನ ಕೊನೆಯ ಮಾತುಗಳಲ್ಲಿ ಒಂದು ‘ನನ್ನ ಪುಸ್ತಕಗಳನ್ನು ಸುಟ್ಟುಬಿಡುತ್ತೇನೆ’ ಅಂತ. ಇದನ್ನು ಬರೆದವನು 1593ರ ಮೇ 30ರಂದು ಡೆಟ್‌ಫರ್ಡ್‌ನಲ್ಲಿ ಇರಿತಕ್ಕೆ ಸತ್ತ. ಆಗ ವಯಸ್ಸು 29.

ಇಂಗ್ಲಿಷ್‌ಪಾಠ

ಇರುಳಕುದುರೆ ಅವರೇ, ಚೆನ್ನಾಗಿ ಹೇಳಿದಿರಿ. ನನ್ನ ವಾದಕ್ಕೂ ಅಲ್ಲೇ ಸಾಕ್ಷಿ ಇದೆ. ಅದೇ ಮಾತಿನಲ್ಲಿ ‘ಸ್ಟಿಲ್’ ಎರಡು ಅರ್ಥದಲ್ಲಿ ಬರುತ್ತದೆ. ‘ಸ್ಟ್ಯಾಂಡ್ ಸ್ಟಿಲ್’ ಎಂದು ಆಕಾಶಗೋಳಗಳಿಗೆ ಹೇಳುತ್ತಾನೆ. ಅಂದರೆ ಅಲುಗಾಡದೆ ನಿಲ್ಲಿ. ಲ್ಯಾಟಿನ್ ಸಾಲು ಆದ ಕೂಡಲೇ ‘ದ ಸ್ಟಾರ್ಸ್ ಮೂವ್ ಸ್ಟಿಲ್’ ಎನ್ನುತ್ತಾನೆ. ಇಲ್ಲಿ ‘ಸ್ಟಿಲ್’ ಅಂದರೆ ಬಿಡುವಿಲ್ಲದೆ, ಸದಾ. ನಿಲ್ಲಿ ಎಂದು ಬೇಡಲು ಬಳಸಿದ ಪದವೇ ತಿರುಗಿ ಬಂದು ನಿಲ್ಲುವುದಿಲ್ಲ ಎನ್ನುತ್ತದೆ. ಹಳೆ ಅರ್ಥ ಗೊತ್ತಿಲ್ಲದಿದ್ದರೆ ಈ ಪೆಟ್ಟು ತಗಲುವುದೇ ಇಲ್ಲ.

ರಂಗದಮಾತು

ಇದಕ್ಕೆ ಎದುರಾಡಲಾರೆ. ಮೊದಲ ಸಲ ಕಿವಿಗೆ, ಎರಡನೇ ಸಲ ಅಡಿಟಿಪ್ಪಣಿಗೆ. ಹೀಗೆ ರಾಜಿ ಆಗೋಣ.

ಮಾವಿನತೋಪು

ಎಲ್ಲರೂ ದೊಡ್ಡ ಪದಗಳ ಕಡೆ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಇಂಗ್ಲಿಷಿನ ಅತಿ ಚಿಕ್ಕ ಪದಗಳ ಕಡೆಗೆ. ‘ದೌ’ ಮತ್ತು ‘ಯೂ’. ಇಲ್ಲಿ ಕನ್ನಡದವರು ಇವತ್ತಿನ ಇಂಗ್ಲಿಷಿನವರಿಗಿಂತ ಒಂದು ಹೆಜ್ಜೆ ಮುಂದೆ ಇದ್ದೇವೆ ಅಂತ ಗಟ್ಟಿಯಾಗಿ ಹೇಳುತ್ತೇನೆ.

‘ದೌ’ ಅಂದರೆ ನೀನು. ‘ಯೂ’ ಅಂದರೆ ನೀವು. ಅಷ್ಟೇ. ಇವತ್ತಿನ ಇಂಗ್ಲಿಷಿನಲ್ಲಿ ‘ಯೂ’ ಒಂದೇ ಉಳಿದಿದೆ. ‘ದೌ’ ಪ್ರಾರ್ಥನೆಯಲ್ಲಿ ಕೇಳಿಸುವುದರಿಂದ ಅದೇ ಹೆಚ್ಚು ಗೌರವದ್ದು ಅಂದುಕೊಳ್ಳುವವರಿದ್ದಾರೆ. ನಮಗೆ ಆ ಗೊಂದಲ ಇಲ್ಲ. ನಾವೂ ದೇವರನ್ನು ‘ನೀನೇ ಕಾಪಾಡಪ್ಪ’ ಎಂದೇ ಕೇಳುತ್ತೇವೆ. ಅಮ್ಮನಿಗೂ ನೀನು, ಗೆಳೆಯನಿಗೂ ನೀನು, ಜಗಳಕ್ಕೆ ನಿಂತವನಿಗೂ ನೀನು.

ಈಗ ‘ಹ್ಯಾಮ್ಲೆಟ್’ ಮೂರನೇ ಅಂಕದ ನಾಲ್ಕನೇ ದೃಶ್ಯ ತೆಗೆಯಿರಿ. ರಾಣಿ ಗರ್ಟ್ರೂಡ್ ಮಗನನ್ನು ಕರೆಸಿದ್ದಾಳೆ. ಗಂಡ ಸತ್ತ ಮೇಲೆ ಮೈದುನನನ್ನು ಮದುವೆ ಆಗಿದ್ದಾಳೆ.

‘ಹ್ಯಾಮ್ಲೆಟ್, ನೀನು ನಿನ್ನ ತಂದೆಯ ಮನಸ್ಸು ನೋಯಿಸಿದ್ದೀಯ.’

‘ತಾಯಿ, ನೀವು ನನ್ನ ತಂದೆಯ ಮನಸ್ಸು ನೋಯಿಸಿದ್ದೀರಿ.’

ಮಾತು ಒಂದೇ. ಅವಳು ಹೇಳುವ ತಂದೆ ಬೇರೆ, ಅವನು ಹೇಳುವ ತಂದೆ ಬೇರೆ. ಅವಳು ‘ದೌ’ ಎಂದು ಪ್ರೀತಿಯಿಂದ ಶುರು ಮಾಡಿದಳು. ಅವನು ‘ಯೂ’ ಎಂದು ದೂರ ನಿಂತ. ಮರುಸಾಲಿನಲ್ಲೇ ಅವಳೂ ‘ಯೂ’ಗೆ ಹೋಗಿಬಿಡುತ್ತಾಳೆ. ಸಿಟ್ಟು ಬಂದ ಅಮ್ಮ ಮಗನಿಗೆ ‘ಆಯ್ತು, ನೀವು ದೊಡ್ಡೋರು’ ಅಂದ ಹಾಗೆ. ಮುಂದೆ ಅವನು ಮಾತಿನಲ್ಲೇ ಅವಳನ್ನು ಹಿಂಡಿದ ಮೇಲೆ ‘ಸಾಕು ಹ್ಯಾಮ್ಲೆಟ್, ನೀನು ನನ್ನ ಕಣ್ಣನ್ನು ನನ್ನ ಆತ್ಮದ ಕಡೆಗೇ ತಿರುಗಿಸಿದೆ’ ಎನ್ನುತ್ತಾಳೆ. ಅಲ್ಲಿ ಮತ್ತೆ ‘ದೌ’. ತಾಯಿ ಮಗನ ಹತ್ತಿರ ವಾಪಸ್ ಬಂದಳು. ನಟಿ ಒಂದು ಹನಿ ಕಣ್ಣೀರು ಹಾಕದಿದ್ದರೂ ಕನ್ನಡ ಕಿವಿಗೆ ಇದು ಕೇಳಿಸುತ್ತದೆ.

ಬೈಯಲೂ ಇದೇ ಆಯುಧ. ‘ಏಕವಚನದಲ್ಲಿ ಮಾತಾಡಿದ’ ಅಂತ ನಮ್ಮಲ್ಲಿ ಜಗಳ ಆಗುತ್ತದಲ್ಲ, ಅಲ್ಲೂ ಹಾಗೇ. ‘ಟ್ವೆಲ್ಫ್ತ್ ನೈಟ್’ನಲ್ಲಿ ಸರ್ ಟೋಬಿ ದ್ವಂದ್ವಯುದ್ಧಕ್ಕೆ ಕರೆಯುವ ಪತ್ರ ಹೇಗೆ ಬರೆಯಬೇಕು ಅಂತ ಹೇಳಿಕೊಡುತ್ತಾ, ಅವನನ್ನು ಒಂದು ಮೂರು ಸಲ ‘ದೌ’ ಅಂದರೆ ತಪ್ಪೇನಿಲ್ಲ ಎನ್ನುತ್ತಾನೆ. ಇದು ನಾಟಕದ ಕಟ್ಟುಕಥೆ ಅಲ್ಲ. 1603ರಲ್ಲಿ ಸರ್ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ಪರ ವಾದಿಸಿದ ಎಡ್ವರ್ಡ್ ಕೋಕ್ ಅವನನ್ನು ‘ದೌ’ ಎಂದು ಕರೆದ. ಬೇಕೆಂದೇ ಹಾಗೆ ಕರೆಯುತ್ತಿದ್ದೇನೆ ಎಂದೂ ಸಾರಿದ, ದ್ರೋಹಿ ಎಂದೂ ಸೇರಿಸಿದ. ತುಂಬಿದ ನ್ಯಾಯಾಲಯದಲ್ಲಿ ಏಕವಚನ.

ಒಂದು ಎಚ್ಚರಿಕೆ. ಆ ಹೊತ್ತಿಗಾಗಲೇ ‘ಯೂ’ ಎಲ್ಲ ಕಡೆ ಹರಡುತ್ತಿತ್ತು. ಪ್ರತಿ ಸಲವೂ ಒಳ ಅರ್ಥ ಹುಡುಕಬೇಡಿ. ಒಂದೇ ದೃಶ್ಯದಲ್ಲಿ ಒಬ್ಬರಿಗೊಬ್ಬರು ಕರೆಯುವುದು ಬದಲಾದರೆ ಮಾತ್ರ ನಿಂತು ನೋಡಿ.

ಕಾಫಿಕಣಿವೆ

ಇದು ಹೊಸ ವಿಷಯ ನನಗೆ. ‘ಹ್ಯಾಮ್ಲೆಟ್’ ಮತ್ತೆ ತೆಗೆಯುತ್ತೇನೆ.

ಶೇಕ್ಸ್‌ಪಿಯರ್ ಸಾವಿರಾರು ಹೊಸ ಪದ ಹುಟ್ಟಿಸಿದ ಎನ್ನುತ್ತಾರಲ್ಲ, ಅದು ನಿಜವಾ?

ಪದಸಂತೆ

ಆ ಲೆಕ್ಕ ಬಂದದ್ದು ಹೆಚ್ಚಾಗಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಿಂದ. ಒಂದು ಪದದ ಮೊದಲ ಬಳಕೆ ಎಲ್ಲಿ ಸಿಕ್ಕಿತು ಅಂತ ಅದರಲ್ಲಿ ಕೊಡುತ್ತಾರೆ. ಅದಕ್ಕೆ ಪದ ಆಯ್ದವರು ಶೇಕ್ಸ್‌ಪಿಯರ್‌ನನ್ನು ಬಿಡದೆ ಓದಿದ್ದರು. ಹಾಗಾಗಿ ಅವನ ಹೆಸರು ಜಾಸ್ತಿ ಬಂತು. ಆಮೇಲೆ ಅದೇ ಪದಗಳು ಹಿಂದಿನ ಬರಹಗಳಲ್ಲಿ ಸಿಗುತ್ತಾ ಬಂದಿವೆ. ಅವನನ್ನು ಪದ ಹುಟ್ಟಿಸಿದವನು ಎನ್ನುವುದಕ್ಕಿಂತ ಪದವನ್ನು ಸರಿಯಾದ ಜಾಗದಲ್ಲಿ ಇಟ್ಟವನು ಎಂದು ಹೊಗಳಬೇಕು.

ಆ ಕಾಲದಲ್ಲಿ ಹೊಸ ಪದ ತರುವವರು ಬಹಳ ಜನ ಇದ್ದರು. ಅದರ ಬಗ್ಗೆ ಜಗಳವೂ ಜೋರಾಗಿತ್ತು. ಲ್ಯಾಟಿನ್‌ನಿಂದ ತಂದ ಭಾರದ ಪದಗಳಿಗೆ ‘ಇಂಕ್‌ಹಾರ್ನ್’ ಪದ, ಅಂದರೆ ಮಸಿಕುಡಿಕೆಯ ಪದ ಎಂದು ಹೆಸರು. ಥಾಮಸ್ ವಿಲ್ಸನ್ 1553ರಲ್ಲೇ ಅವನ್ನು ಬೈದಿದ್ದ. ಬೆನ್ ಜಾನ್ಸನ್ 1601ರ ‘ಪೊಯೆಟಾಸ್ಟರ್’ ನಾಟಕದಲ್ಲಿ ಇನ್ನೂ ಮುಂದೆ ಹೋದ. ಜಾನ್ ಮಾರ್ಸ್ಟನ್‌ನನ್ನು ಹೋಲುವ ಕವಿಯೊಬ್ಬನಿಗೆ ಗುಳಿಗೆ ನುಂಗಿಸುತ್ತಾರೆ. ಅವನು ರಂಗದ ಮೇಲೆಯೇ ಒಂದೊಂದಾಗಿ ಪದಗಳನ್ನು ವಾಂತಿ ಮಾಡುತ್ತಾನೆ. ‘ಗ್ಲಿಬರಿ’, ‘ಲೂಬ್ರಿಕಲ್’, ‘ಆಬ್‌ಸ್ಟುಪಿಫ್ಯಾಕ್ಟ್’ ಆ ಬೋಗುಣಿಯಲ್ಲೇ ಸತ್ತವು. ಆದರೆ ಜೊತೆಗೆ ಬಿದ್ದ ಇನ್ನು ಕೆಲವನ್ನು ನೋಡಿ. ‘ರೆಸಿಪ್ರೊಕಲ್’, ‘ಡಿಫಂಕ್ಟ್’, ‘ಕ್ಲಮ್ಸಿ’, ‘ಸ್ಟ್ರೆನ್ಯುಅಸ್’, ‘ಕಾನ್ಷಿಯಸ್’. ಇವಿಲ್ಲದೆ ಇವತ್ತು ಇಂಗ್ಲಿಷ್ ಬರೆಯಲು ಆಗುತ್ತದಾ? ಜಾನ್ಸನ್‌ನಂಥ ಪಂಡಿತನಿಗೂ ಯಾವ ಪದ ಬದುಕುತ್ತದೆ ಎಂದು ಕಾಣಲಿಲ್ಲ.

ಈ ಜಗಳ ನಮಗೆ ಗೊತ್ತಿರುವುದೇ. ಸಂಸ್ಕೃತದ ಪದ ಎಷ್ಟಿರಬೇಕು, ಅಚ್ಚಗನ್ನಡ ಎಷ್ಟಿರಬೇಕು ಎಂದು ನಾವೂ ವಾದ ಮಾಡುತ್ತಲೇ ಬಂದಿದ್ದೇವೆ. ಒಳ್ಳೆಯ ಕವಿ ಎರಡನ್ನೂ ಇಟ್ಟುಕೊಂಡು ಕೆಲಸ ತೆಗೆಯುತ್ತಾನೆ. ಕೊಲೆ ಮಾಡಿ ಬಂದ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು, ಈ ಕೈ ‘ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’ ಮಾಡುತ್ತದೆ ಎನ್ನುತ್ತಾನೆ. ಲ್ಯಾಟಿನ್ ಮೂಲದ ಎರಡು ಭಾರಿ ಪದ, ಅಲೆ ಎದ್ದ ಹಾಗೆ. ಕೂಡಲೇ ‘ಮೇಕಿಂಗ್ ದ ಗ್ರೀನ್ ಒನ್ ರೆಡ್’. ಹಸಿರನ್ನೆಲ್ಲ ಕೆಂಪು ಮಾಡುತ್ತದೆ. ಪೆನ್ನಿ ಕೊಟ್ಟು ನಿಂತವನಿಗೂ ಅರ್ಥ ಆಯಿತು. ಅಡಿಟಿಪ್ಪಣಿ ಸಾಲಿನೊಳಗೇ ಇದೆ.

ಇಂಗ್ಲಿಷ್‌ಪಾಠ

ಸಣ್ಣ ತಿದ್ದುಪಡಿ. ಎಲಿಜಬೆತ್ ತೀರಿಕೊಂಡದ್ದು 1603ರಲ್ಲಿ. ‘ಮ್ಯಾಕ್‌ಬೆತ್’ ಸುಮಾರು 1606ರದ್ದು, ಜೇಮ್ಸ್ ರಾಜನ ಕಾಲ. ಭಾಷೆ ಅದೇ ಕೈಯದ್ದು, ಹಾಗಾಗಿ ಬೇಲಿ ಹಾಕುವುದು ಬೇಡ.

ಸಂಜೆಓದು

ಮೂಲದ ಪಕ್ಕದಲ್ಲಿ ಕನ್ನಡ ಅನುವಾದ ಇಟ್ಟುಕೊಳ್ಳಿ. ಡಿ.ವಿ.ಜಿ. ‘ಮ್ಯಾಕ್‌ಬೆತ್’ ಮಾಡಿದ್ದಾರೆ, ಮಾಸ್ತಿ ‘ಲಿಯರ್’ ಮಾಡಿದ್ದಾರೆ. ಒಂದು ಸಾಲಿಗೆ ಅವರು ಏನು ಮಾಡಿದರು ಎಂದು ನೋಡುವುದೇ ಒಂದು ಪಾಠ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿವೆ. ‘ಫಾಸ್ಟಸ್’ನಲ್ಲಿ ಎರಡು ಪಾಠ, ಅಂದರೆ ಬೇರೆ ಬೇರೆಯಾಗಿ ಅಚ್ಚಾದ ಎರಡು ರೂಪ, ಇವೆಯಂತೆ, ಯಾವುದು ಓದಲಿ? ಆಮೇಲೆ ಮುಂದಿನದು ಯಾವುದು?

ಇರುಳಕುದುರೆ

1604ರ ಪಾಠ ಓದಿ. 1616ರದ್ದು ಉದ್ದ, ಹಾಸ್ಯದ ದೃಶ್ಯಗಳು ಜಾಸ್ತಿ. ಅದರಲ್ಲಿ ಹೊಸದಾಗಿ ಸೇರಿದ ಭಾಗ ಮಾರ್ಲೋನ ಕೈಯದ್ದು ಅಂತ ನನಗೆ ಅನ್ನಿಸುವುದಿಲ್ಲ. ಕೊನೆಯ ಮಾತು ಎರಡರಲ್ಲೂ ಇದೆ. ಆದರೆ ಕ್ರಿಸ್ತನ ರಕ್ತ ಆಕಾಶದಲ್ಲಿ ಹರಿಯುವ ಸಾಲು 1604ರದ್ದರಲ್ಲಿ ಮಾತ್ರ ಸಿಗುತ್ತದೆ. ಅದನ್ನು ಕಳೆದುಕೊಳ್ಳಬೇಡಿ.

ರಂಗದಮಾತು

ಮುಂದಿನದು ‘ಜೂಲಿಯಸ್ ಸೀಸರ್’. ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ 1599ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಸೀಸರ್ ನಾಟಕ ನೋಡಿ ಬರೆದಿಟ್ಟಿದ್ದಾನೆ. ಅದು ಇದೇ ನಾಟಕ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಪದಗಳು ಸರಳ, ಅಡಿಟಿಪ್ಪಣಿ ಕಡಿಮೆ.

ಮೂರನೇ ಅಂಕದ ಎರಡನೇ ದೃಶ್ಯಕ್ಕೆ ಬಂದಾಗ ಪುಟದ ಅಂಚು ನೋಡಿ. ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಜನರ ಎದುರು ಗದ್ಯದಲ್ಲಿ ಮಾತಾಡುತ್ತಾನೆ, ಸಾಲುಗಳು ಪುಟದ ತುದಿವರೆಗೆ ಹೋಗುತ್ತವೆ. ಕಾರಣ, ಕಾರಣಕ್ಕೆ ಕಾರಣ, ತೂಗಿ ಅಳೆದ ವಾಕ್ಯಗಳು. ಸೀಸರ್‌ನ ಗೆಳೆಯ ಆಂಟನಿ ಬಂದು ಪದ್ಯದಲ್ಲಿ ಶುರು ಮಾಡುತ್ತಾನೆ. ‘ಫ್ರೆಂಡ್ಸ್, ರೋಮನ್ಸ್, ಕಂಟ್ರಿಮೆನ್.’ ಒಂದು ಉಚ್ಚಾರದ ಪದ, ಎರಡರದ್ದು, ಮೂರರದ್ದು. ಗುಂಪನ್ನು ಮೆಟ್ಟಿಲು ಹತ್ತಿಸಿದ ಹಾಗೆ. ಆಮೇಲೆ ‘ಬ್ರೂಟಸ್ ಗೌರವಸ್ಥ’ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ಅದರ ಅರ್ಥವನ್ನು ಪೂರ್ತಿ ತಿರುಗಿಸುತ್ತಾನೆ. ಎರಡು ಭಾಷಣವನ್ನೂ ಒಂದೇ ಕೂತಿನಲ್ಲಿ, ಒಂದರ ಹಿಂದೆ ಒಂದು, ಗಟ್ಟಿಯಾಗಿ ಓದಿ. ಓದಿದ ಮೇಲೆ ಯಾವ ಸಾಲಿನಲ್ಲಿ ಗುಂಪು ಆಂಟನಿಯ ಕಡೆ ತಿರುಗಿತು ಅನ್ನಿಸಿತು ಅಂತ ಇಲ್ಲಿ ಬರೆಯಿರಿ. ಅದರ ಬಗ್ಗೆ ನನಗೂ ಓದುಮನೆ ಅವರಿಗೂ ಒಮ್ಮತ ಆಗಿಯೇ ಇಲ್ಲ.